ಡಯರ್‌ಗೆ ಅಮೃತಸರದಲ್ಲಿ ಏನು ಕೆಲಸವಿತ್ತು?

ಜಲಿಯನ್‌ವಾಲಾ ಬಾಗ್ ವಿಷಯ ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನು ಕೇಳುತ್ತಾರೆ. ಊರಲ್ಲಿ ಗಲಾಟೆಯಾದರೆ ನೋಡಿಕೊಳ್ಳಲು ಪೊಲೀಸರಿದ್ದರಲ್ವಾ, ಈ ಜನರಲ್ ಡಯರ್ ಎಲ್ಲಿಂದ ಬಂದ?

ಬಂದದ್ದು ಜಲಂಧರ್‌ನಿಂದ. ಅಲ್ಲಿದ್ದ 45ನೇ ಬ್ರಿಗೇಡಿಗೆ, ಅಂದರೆ ಹಲವು ಪಲ್ಟನ್‌ಗಳ ಗುಂಪಿಗೆ, ಅವನು ಮುಖ್ಯಸ್ಥ. ಆ ಬ್ರಿಗೇಡ್, ಹಲವು ಬ್ರಿಗೇಡ್‌ಗಳು ಕೂಡಿದ 16ನೇ ಇಂಡಿಯನ್ ಡಿವಿಷನ್‌ಗೆ ಸೇರಿತ್ತು. ಆ ಡಿವಿಷನ್ ಕಟ್ಟಿದ್ದು ವಾಯವ್ಯ ಗಡಿ ಕಾಯಲಿಕ್ಕೆ. ಬ್ರಿಟಿಷರ ಲೆಕ್ಕದಲ್ಲಿ ಶತ್ರು ಇದ್ದದ್ದು ಖೈಬರ್ ಕಣಿವೆಯ ಆಚೆ, ಸ್ವರ್ಣಮಂದಿರದ ಪಕ್ಕದಲ್ಲಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. 1902ರಲ್ಲಿ ಕಿಚನರ್ ಇಲ್ಲಿಗೆ ಸೇನಾ ದಂಡನಾಯಕನಾಗಿ ಬಂದ. ದೇಶದ ತುಂಬ ಚದುರಿದ್ದ ಪಲ್ಟನ್‌ಗಳನ್ನು ಡಿವಿಷನ್‌ಗಳಾಗಿ ಸೇರಿಸಿ, ಎಲ್ಲವೂ ವಾಯವ್ಯಕ್ಕೆ ಮುಖ ಮಾಡುವಂತೆ ಜೋಡಿಸಿದ. ರಷ್ಯಾದವರು ಅಫ್ಘಾನಿಸ್ತಾನದ ಮೂಲಕ ಬಂದಾರು ಎಂಬ ಭಯ. ನಮ್ಮ ಬೆಂಗಳೂರು ಕಂಟೋನ್‌ಮೆಂಟಿನ ಬ್ರಿಗೇಡ್ ಕೂಡ ಸಿಕಂದರಾಬಾದ್ ಡಿವಿಷನ್‌ನ ಭಾಗವಾಯಿತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಲಾಹೋರ್ ಡಿವಿಷನ್ ಫ್ರಾನ್ಸಿಗೆ ಹೊರಟಿತು. ಗಡಿಯ ಹಿಂದೆ ಜಾಗ ಖಾಲಿಯಾಯಿತು. 1916ರ ಡಿಸೆಂಬರ್‌ನಲ್ಲಿ ಹುಟ್ಟಿದ 16ನೇ ಡಿವಿಷನ್ ಆ ಖಾಲಿ ಜಾಗ ತುಂಬಿತು. ಯುದ್ಧ ಮುಗಿಯುವವರೆಗೂ ಅದನ್ನು ಹೊರದೇಶಕ್ಕೆ ಕಳಿಸಲೇ ಇಲ್ಲ.

ಗಡಿಯಲ್ಲಿ ಬ್ರಿಟಿಷ್ ಸೈನ್ಯಕ್ಕೊಂದು ಹಳೇ ರೂಢಿಯಿತ್ತು. ಪಠಾಣರ ಒಂದು ಊರಿನವರು ತಂಟೆ ಮಾಡಿದರೆ ಇಡೀ ಊರಿಗೆ ದಂಡ. ಮನೆ ಸುಡುವುದು, ಕಾವಲು ಗೋಪುರ ಉರುಳಿಸುವುದು, ಪೈರು ನಾಶ ಮಾಡುವುದು. ತಪ್ಪು ಮಾಡಿದವನು ಸಿಗಲೇಬೇಕೆಂದಿಲ್ಲ, ಸುತ್ತಲಿನವರು ಹೆದರಿದರೆ ಸಾಕು. 1919ರ ಏಪ್ರಿಲ್‌ನಲ್ಲಿ ಅಮೃತಸರಕ್ಕೆ ಬಂದದ್ದು ಇದೇ ಬುದ್ಧಿ ಎಂಬುದು ನನ್ನ ಅಭಿಪ್ರಾಯ.

ಏಪ್ರಿಲ್ 10ರಂದು ಅಮೃತಸರದ ಸ್ವಾತಂತ್ರ್ಯ ಹೋರಾಟದ ನಾಯಕರಾದ ಕಿಚ್ಲೂ ಮತ್ತು ಸತ್ಯಪಾಲ್ ಅವರನ್ನು ಸರ್ಕಾರ ಊರಿಂದ ಸಾಗಿಸಿತು. ಜನ ಕೆರಳಿದರು, ಗುಂಡು ಹಾರಿತು, ಐವರು ಯುರೋಪಿಯನ್ನರೂ ಸತ್ತರು. ಮರುದಿನ ಡಯರ್ ಬಂದ. 13ರ ಸಂಜೆ ಅವನು ಬಾಗ್‌ಗೆ ಕರೆದೊಯ್ದದ್ದು 50 ಬಂದೂಕುಗಳನ್ನು. ಅರ್ಧ ಗೂರ್ಖಾಗಳು. ಉಳಿದವರು 54ನೇ ಸಿಖ್ಸ್ ಮತ್ತು 59ನೇ ಸಿಂಧ್ ರೈಫಲ್ಸ್‌ನವರು. ಈ ಎರಡೂ ರೆಜಿಮೆಂಟುಗಳ ಹೆಸರಿನ ಜೊತೆಗೇ ಫ್ರಂಟಿಯರ್ ಫೋರ್ಸ್, ಅಂದರೆ ಗಡಿ ಪಡೆ, ಎಂದಿತ್ತು! ಹತ್ತು ನಿಮಿಷ, 1,650 ಗುಂಡು. ಸರ್ಕಾರದ ಲೆಕ್ಕದಲ್ಲೇ 379 ಸಾವು, ಜನರ ಲೆಕ್ಕ ಅದಕ್ಕಿಂತ ಎಷ್ಟೋ ಜಾಸ್ತಿ. ಆಗಿನ್ನೂ ಅಲ್ಲಿ ಮಾರ್ಷಲ್ ಲಾ (ಸೇನಾಡಳಿತ) ಘೋಷಣೆಯಾಗಿರಲಿಲ್ಲ. ಲಾಹೋರ್‌ನಲ್ಲಿದ್ದ ಡಿವಿಷನ್ ಮುಖ್ಯಸ್ಥ ಬೇನನ್, ಮಾಡಿದ್ದು ಸರಿ ಎಂದೇ ಸಂದೇಶ ಕಳಿಸಿದ. ಆಮೇಲೆ ಸರ್ಕಾರ ವಿಚಾರಣೆಗೆ ನೇಮಿಸಿದ ಹಂಟರ್ ಸಮಿತಿ ಮುಂದೆ ಡಯರ್ ಮುಚ್ಚುಮರೆ ಮಾಡಲಿಲ್ಲ. ಇಡೀ ಪಂಜಾಬಿಗೆ ಭಯ ಹುಟ್ಟಿಸಬೇಕಿತ್ತು ಎಂಬ ಅರ್ಥದಲ್ಲೇ ಹೇಳಿದ.

ಇಷ್ಟಾದ ಮೇಲೂ ಅವನನ್ನು ಕೂಡಲೇ ತೆಗೆಯಲಿಲ್ಲ ಯಾಕೆ? ಅಲ್ಲೂ ಗಡಿ ಅಡ್ಡ ಬಂತು. ಮೇ ತಿಂಗಳಲ್ಲಿ ಅಫ್ಘನ್ ದೊರೆ ಅಮಾನುಲ್ಲಾನ ಸೈನ್ಯ ಖೈಬರ್ ಬಳಿ ಗಡಿ ದಾಟಿತು. ಕುರ್ರಂ ಕಣಿವೆಯ ಬಾಯಲ್ಲಿರುವ ಥಲ್ ಠಾಣೆಯನ್ನು ಅಫ್ಘನ್ ಸೇನಾನಿ ನಾದಿರ್ ಖಾನ್ ಮುತ್ತಿದ. ಅವನ ಫಿರಂಗಿಗಳು ಒಳಗಿದ್ದವರ ಫಿರಂಗಿಗಳಿಗಿಂತ ದೂರಕ್ಕೆ ಹೊಡೆಯುತ್ತಿದ್ದವು. ಬಿಡಿಸಲು ಹೊರಟದ್ದು ಯಾರು? ಇದೇ ಡಯರ್. ಜೊತೆಗೆ ಡೋಗ್ರಾ, ಪಂಜಾಬಿ ಪಲ್ಟನ್‌ಗಳು, ಸೈಕಲ್ ಪಡೆಯಾಗಿ ಹುಟ್ಟಿದ್ದ ಲಂಡನ್ನಿನ ಒಂದು ಪಲ್ಟನ್. ಕೆಂಡದಂಥ ಬಿಸಿಲಲ್ಲಿ ನಡೆದು ಜೂನ್ 1ಕ್ಕೆ ಥಲ್ ತಲುಪಿದರು. ನಾದಿರ್ ಖಾನ್ ಹಿಂದೆ ಸರಿದ. ಹತ್ತು ವರ್ಷದ ಮೇಲೆ ಅವನೇ ಅಫ್ಘಾನಿಸ್ತಾನದ ದೊರೆಯಾದ, ಅದು ಬೇರೆ ಕಥೆ.

ಸೈನಿಕನಾಗಿ ಡಯರ್ ಥಲ್‌ನಲ್ಲಿ ಒಳ್ಳೇ ಕೆಲಸ ಮಾಡಿದ, ಅದನ್ನು ಒಪ್ಪಬೇಕು. ಆದರೆ ಥಲ್‌ನ ಎದುರಾಳಿಗಳ ಕೈಯಲ್ಲಿ ಫಿರಂಗಿ ಇತ್ತು. ಬಾಗ್‌ನಲ್ಲಿ ಇದ್ದವರು ಬೈಸಾಖಿಗೆ ಬಂದ ಜನ, ನೆಲದ ಮೇಲೆ ಕೂತು ಭಾಷಣ ಕೇಳುತ್ತಿದ್ದವರು. ಹಂಟರ್ ಸಮಿತಿಯ ವಿಚಾರಣೆಯ ನಂತರ, 1920ರಲ್ಲಿ ಅವನನ್ನು ಕೆಲಸದಿಂದ ಇಳಿಸಿದರು.

ಇದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ: ಉಧಮ್ ಸಿಂಗ್ ಕೊಂದದ್ದು ಇವನನ್ನೇ ಅಲ್ವಾ? ಅಲ್ಲ. ಡಯರ್ ಕಾಯಿಲೆ ಬಿದ್ದು 1927ರಲ್ಲಿ ಸತ್ತ. 1940ರಲ್ಲಿ ಲಂಡನ್ನಿನಲ್ಲಿ ಉಧಮ್ ಸಿಂಗ್ ಗುಂಡಿಗೆ ಬಲಿಯಾದವನು ಮೈಕಲ್ ಓಡ್ವಯರ್. 1919ರಲ್ಲಿ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಆಗಿದ್ದವನು, ಬೇನನ್ ಕಳಿಸಿದ ಸಂದೇಶಕ್ಕೆ ಒಪ್ಪಿಗೆ ಸೂಚಿಸಿದವನು.