ಗುಲಾಬಿಗೆ ದ್ರಾಕ್ಷಿ ತೋಟದ ಪಾಠ

ನಮ್ಮ ಕಾಂಪೌಂಡಿನ ಗುಲಾಬಿ ಈ ಡಿಸೆಂಬರ್‌ನಲ್ಲಿ ಮೊಣಕಾಲೆತ್ತರದಿಂದ ತುದಿಯವರೆಗೂ ಹೂ ಬಿಟ್ಟಿತು. ಕೆನೆ ಬಣ್ಣದ, ಅಂಗೈ ತುಂಬುವ ಹೂಗಳು. ಹಿಂದಿನ ವರ್ಷ ಇದೇ ಗಿಡ ಅಷ್ಟೆತ್ತರ ಬೆಳೆದು, ನೆತ್ತಿಯ ಮೇಲೆ ಮಾತ್ರ ಒಂದಿಷ್ಟು ಹೂ ಹೊತ್ತು ನಿಂತಿತ್ತು. ಅದನ್ನು ನೋಡಬೇಕಾದರೆ ಟೆರೇಸಿಗೆ ಹೋಗಬೇಕಿತ್ತು. ಈ ಬದಲಾವಣೆಗೆ ಕಾರಣ ಒಂದು ಭಾನುವಾರದ ಕೆಲಸ. ಅದನ್ನು ಹೇಳಿಕೊಟ್ಟವರು ನನ್ನ ಮಾವ. ಅವರು ಗುಲಾಬಿ ಬೆಳೆದವರಲ್ಲ, ದೇವನಹಳ್ಳಿ ಕಡೆ ದ್ರಾಕ್ಷಿ ಬೆಳೆದವರು.

ಗಿಡದ ಹೆಸರು ಕ್ಲೇರ್ ಆಸ್ಟಿನ್. ಇಂಗ್ಲೆಂಡಿನ ಡೇವಿಡ್ ಆಸ್ಟಿನ್ ಬೆಳೆಸಿದ ತಳಿ, 2007ರಲ್ಲಿ ಹೊರಬಂತು. ಮಗಳ ಹೆಸರನ್ನೇ ಇಟ್ಟಿದ್ದಾರೆ. ಹಳೇ ಕಾಲದ ಗುಲಾಬಿಗಳ ತುಂಬು ಎಸಳು ಮತ್ತು ಪರಿಮಳ, ಹೊಸ ಗುಲಾಬಿಗಳ ಹಾಗೆ ಮತ್ತೆ ಮತ್ತೆ ಹೂ ಬಿಡುವ ಗುಣ, ಇವೆರಡೂ ಒಂದೇ ಗಿಡದಲ್ಲಿ ಬರಬೇಕು ಅಂತ ಅವರು ಜೀವನಪೂರ್ತಿ ಕೆಲಸ ಮಾಡಿದರು. 1961ರಲ್ಲಿ ಬಂದ ಅವರ ಮೊದಲ ತಳಿ ಕಾನ್‌ಸ್ಟನ್ಸ್ ಸ್ಪ್ರೈ ವರ್ಷಕ್ಕೆ ಒಂದೇ ಸಲ ಹೂ ಬಿಡುತ್ತಿತ್ತು. ಅಲ್ಲಿಂದ ಇಲ್ಲಿಗೆ ಬರಲು ಎಷ್ಟು ತಾಳ್ಮೆ ಬೇಕಾಗಿರಬೇಕು, ಅಲ್ವಾ? ಈ ಹೂವಿನ ಮೊಗ್ಗು ತಿಳಿ ನಿಂಬೆ ಬಣ್ಣ. ಅರಳುತ್ತಾ ಕೆನೆಯಾಗುತ್ತದೆ, ಕೊನೆಗೆ ಬಿಳಿಯಾಗುತ್ತದೆ. ವಾಸನೆ ನಮಗೆ ಗೊತ್ತಿರುವ ಪನ್ನೀರು ಗುಲಾಬಿಯದ್ದಲ್ಲ. ಸೋಂಪಿನ ಡಬ್ಬ ತೆಗೆದಾಗ ಬರುವ ಘಮ ಇರುತ್ತದಲ್ಲ, ಅದರ ಜೊತೆಗೆ ಚೂರು ವೆನಿಲಾ.

ಗುಲಾಬಿ ಬೆಳೆಸುವ ಗೆಳತಿಯೊಬ್ಬರು ಕಣ್ಣು ಕಸಿ ಮಾಡಿದ ಗಿಡ ಕೊಟ್ಟಿದ್ದರು, ಅಂದರೆ ಕಾಡುಗುಲಾಬಿಯ ಬುಡಕ್ಕೆ ಈ ತಳಿಯ ಚಿಗುರೊಡೆಯುವ ಕಣ್ಣು ಕೂರಿಸಿ ಬೆಳೆಸಿದ್ದು. ನಮ್ಮದು ಮೂವತ್ತು-ನಲವತ್ತರ ಸೈಟು. ಮಣ್ಣು ಅಂತ ಇರುವುದು ಕಾಂಪೌಂಡ್ ಪಕ್ಕದ ಎರಡಡಿ ಅಗಲದ ಪಟ್ಟಿ ಮಾತ್ರ. ಪೂರ್ವದ ಬಿಸಿಲು ಮಧ್ಯಾಹ್ನದವರೆಗೆ ಸಿಗುತ್ತದೆ, ಆಮೇಲೆ ಪಕ್ಕದ ಮನೆಯ ನೆರಳು. ಗುಲಾಬಿಗೆ ದಿನಕ್ಕೆ ಐದಾರು ಗಂಟೆ ಬಿಸಿಲು ಸಿಕ್ಕರೆ ಸಾಕು. ಗುಂಡಿ ಆಳವಾಗಿ ತೋಡಿಸಿ, ಕಟ್ಟಡದ ಜಲ್ಲಿ, ಸಿಮೆಂಟ್ ಚೂರು ಎಲ್ಲ ತೆಗೆಸಿ, ಕೆಮ್ಮಣ್ಣು, ಹಳೇ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಹಾಕಿ ನೆಟ್ಟೆವು.

ಗಿಡ ಬೆಳೆಯಿತು. ಬೆಳೆಯುತ್ತಲೇ ಹೋಯಿತು. ಇಂಗ್ಲೆಂಡಿನಲ್ಲಿ ಇದು ಎದೆಯೆತ್ತರದ ಪೊದೆ. ಅಲ್ಲಿ ಚಳಿಗಾಲ ಬಂದರೆ ಎಲೆ ಉದುರಿಸಿ ಮಲಗುತ್ತದೆ. ಬೆಂಗಳೂರಿನಲ್ಲಿ ಅದಕ್ಕೆ ಮಲಗು ಅಂತ ಹೇಳುವವರು ಯಾರು? ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಊರು ನಮ್ಮದು. ಬೇಸಿಗೆ ಗಿಡವನ್ನು ಸುಡುವಷ್ಟಿಲ್ಲ, ಚಳಿ ನಿಲ್ಲಿಸುವಷ್ಟಿಲ್ಲ. ಹಾಗಾಗಿ ವರ್ಷಪೂರ್ತಿ ಚಿಗುರು. ಬುಡದಿಂದ ಉದ್ದುದ್ದ ರೆಂಬೆಗಳು ಎದ್ದು ಮೊದಲ ಮಹಡಿಯ ಕಿಟಕಿ ಮುಟ್ಟಿದವು. ಹೂ ಮಾತ್ರ ತುದಿಯಲ್ಲಿ.

ವಿಜಯದಶಮಿ ಕಳೆದ ಮೇಲೆ ಮಳೆ ಹಿಂದೆ ಸರಿಯುತ್ತದೆ. ನಮ್ಮ ಕಡೆ ಗುಲಾಬಿ ಸವರುವ ಕಾಲ ಅದೇ. ಆಗ ಸವರಿದರೆ ಸುಮಾರು ಒಂದೂವರೆ ತಿಂಗಳಿಗೆ ಹೂ. ಆ ಭಾನುವಾರ ಬೆಳಿಗ್ಗೆ ನಾನು ಕತ್ತರಿ ಹಿಡಿದು ಗಿಡದ ಮುಂದೆ ನಿಂತಿದ್ದೆ. ಮಾವ ಪೇಪರ್ ಮಡಚಿಟ್ಟು ಹೊರಗೆ ಬಂದರು.

"ಏನಮ್ಮಾ, ಎಲ್ಲಾನೂ ಕತ್ತರಿಸಿಬಿಡ್ತೀಯಾ?"

"ಅರ್ಧಕ್ಕೆ ತೆಗೀತೀನಿ ಮಾವ. ಇಲ್ಲದಿದ್ರೆ ಹೂವೆಲ್ಲ ಮೇಲೇ ಆಗುತ್ತೆ."

"ಅರ್ಧಕ್ಕೆ ತೆಗೆದ್ರೆ ಮತ್ತೆ ಅಷ್ಟೇ ಎತ್ತರ ಏಳುತ್ತೆ. ರೆಂಬೆ ಮಲಗಿಸಮ್ಮ. ದ್ರಾಕ್ಷೀನ ನಾವು ತಂತಿ ಮೇಲೆ ಮಲಗಿಸ್ತಿರಲಿಲ್ವಾ?"

ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಬೆಂಗಳೂರು ನೀಲಿ ದ್ರಾಕ್ಷಿ ಚಪ್ಪರಗಳನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ. ಬಳ್ಳಿಯನ್ನು ಕಲ್ಲು ಕಂಬದ ಪಕ್ಕ ನೇರ ಹತ್ತಿಸಿ, ಮೇಲೆ ತಂತಿಯ ಮೇಲೆ ಅಡ್ಡ ಹರಡುತ್ತಾರೆ. ನೇರ ಹೋಗುವ ಕಾಂಡ ತುದಿಯಲ್ಲಿ ಓಡುತ್ತದೆ. ಅಡ್ಡ ಮಲಗಿದ ರೆಂಬೆಯಲ್ಲಿ ಗೆಣ್ಣು ಗೆಣ್ಣಿಗೂ ಕಣ್ಣು ಒಡೆಯುತ್ತದೆ. ದ್ರಾಕ್ಷಿಯೂ ಚಳಿ ದೇಶದ ಬೆಳೆಯೇ. ಅಲ್ಲಿ ಚಳಿಗಾಲಕ್ಕೆ ಎಲೆ ಉದುರಿಸಿ ನಿದ್ದೆ ಹೋಗುವ ಬಳ್ಳಿ ಇಲ್ಲಿ ನಿದ್ದೆ ಹೋಗುವುದಿಲ್ಲ. ನಮ್ಮ ರೈತರು ಅದನ್ನು ಸವರಿ ಸವರಿ ವರ್ಷಕ್ಕೆ ಎರಡು ಬೆಳೆ ತೆಗೆಯುವುದನ್ನು ಕಂಡುಕೊಂಡರು. ಅದೇ ತಿಳಿವಳಿಕೆ ನಮ್ಮ ಮನೆಯೊಳಗೇ ಇತ್ತು. ಗುಲಾಬಿ ಪುಸ್ತಕಗಳಲ್ಲಿ ನಾನು ಹುಡುಕುತ್ತಿದ್ದದ್ದು ಅದನ್ನೇ.

ಇದರ ಹಿಂದಿನ ಕಾರಣ ಸರಳ. ರೆಂಬೆಯ ತುದಿಮೊಗ್ಗಿನಲ್ಲಿ ಆಕ್ಸಿನ್ ಎಂಬ ಹಾರ್ಮೋನು ತಯಾರಾಗಿ ಕೆಳಕ್ಕೆ ಇಳಿಯುತ್ತದೆ. ಅದು ಪಕ್ಕದ ಕಣ್ಣುಗಳನ್ನು ಏಳಗೊಡುವುದಿಲ್ಲ. ರೆಂಬೆ ಅಡ್ಡಕ್ಕೆ ಬಾಗಿದರೆ ತುದಿಯ ಆ ಹಿಡಿತ ಸಡಿಲವಾಗುತ್ತದೆ. ಕತ್ತರಿಸಿದರೂ ಕೆಳಗಿನ ಕಣ್ಣು ಏಳುತ್ತವೆ. ಆದರೆ ಕತ್ತರಿಸಿದ ಜಾಗದ ಹತ್ತಿರದ್ದೇ ಒಂದೆರಡು ಕಣ್ಣು ಮತ್ತೆ ಯಜಮಾನಿಕೆ ವಹಿಸಿಕೊಂಡು ಮೇಲಕ್ಕೆ ಓಡುತ್ತವೆ. ಮಾವ ಹೇಳಿದ್ದು ಇದನ್ನೇ.

ಕೂಡಲೇ ಬಾಗಿಸಲು ಅವರು ಬಿಡಲಿಲ್ಲ. "ಬೆಳಿಗ್ಗೆ ರೆಂಬೆ ನೀರು ಕುಡಿದು ಗಟ್ಟಿಯಾಗಿರುತ್ತೆ, ಪಟಕ್ ಅಂತ ಮುರಿಯುತ್ತೆ. ಬಿಸಿಲು ಏರಲಿ" ಅಂದರು. ಅಷ್ಟರಲ್ಲಿ ಕಾಂಪೌಂಡಿನ ಗೋಡೆಗೆ ಮೊಳೆ ಹೊಡೆದು ಮೂರು ಸಾಲು ಜಿಐ ತಂತಿ ಎಳೆದೆವು. ಒಣಗಿದ್ದು, ಸಣಕಲು, ಒಳಗೊಳಗೇ ಉಜ್ಜಾಡುವ ಕಡ್ಡಿಗಳನ್ನು ಬುಡಕ್ಕೆ ತೆಗೆದೆ. ಕಸಿ ಗಂಟಿನ ಕೆಳಗೆ ಎದ್ದಿದ್ದ ಕಾಡುಗುಲಾಬಿಯ ಚಿಗುರನ್ನೂ ಕಿತ್ತೆ.

ಊಟ ಮುಗಿಸಿ ಮತ್ತೆ ಹೊರಗೆ ಬಂದೆವು. ಮಾವ ಬುಡದ ಹತ್ತಿರ ರೆಂಬೆಯನ್ನು ಎರಡೂ ಕೈಯಲ್ಲಿ ಹಿಡಿದರು. ಒಂದೇ ಸಲಕ್ಕೆ ಎಳೆಯಲಿಲ್ಲ. ಚೂರು ಬಾಗಿಸುವುದು, ತಡೆಯುವುದು, ಮತ್ತೆ ಚೂರು ಬಾಗಿಸುವುದು. ನಾನು ನೆನೆಸಿಟ್ಟ ಬಾಳೆನಾರಿನಲ್ಲಿ ತಂತಿಗೆ ಕಟ್ಟುತ್ತಾ ಹೋದೆ. ಬಿಗಿಯಾಗಿ ಕಟ್ಟಬಾರದು, ಎಂಟರ ಆಕಾರದ ಸಡಿಲ ಗಂಟು. ರೆಂಬೆ ದಪ್ಪವಾಗಲು ಜಾಗ ಬೇಕು. ಅವರ ತೋಳಿನ ತುಂಬಾ ಮುಳ್ಳಿನ ಗೀರು. ಅತ್ತೆ ಅರಿಶಿನ ತಂದರು, ಮಾವ ಆಮೇಲೆ ಅಂದರು. ಎಪ್ಪತ್ತು ದಾಟಿದ ಕೈ ಅಷ್ಟು ಹದವಾಗಿ ಕೆಲಸ ಮಾಡುವುದನ್ನು ನೋಡಿ ನನಗೆ ಮಾತೇ ಹೊರಡಲಿಲ್ಲ. ತೋಟ ಮಾರಿದ ಮೇಲೆ ಅವರು ಗಿಡ ಮುಟ್ಟಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಕೊನೆಗೆ ಉಳಿದಿದ್ದ ಹಳೇ ಎಲೆಗಳನ್ನು ಕೈಯಿಂದಲೇ ಬಿಡಿಸಿದೆವು. ಚಳಿ ಮಾಡದ ಕೆಲಸವನ್ನು ನಾವು ಮಾಡಬೇಕು. ಕೆಳಗೆ ಬಿದ್ದ ಚುಕ್ಕೆ ರೋಗದ ಎಲೆಗಳನ್ನೂ ಗುಡಿಸಿ ತೆಗೆದೆವು. ಬುಡಕ್ಕೆ ಗೊಬ್ಬರ ಕೊಟ್ಟು ನೀರು ಹಾಯಿಸಿದೆವು.

ಕಣ್ಣುಗಳು ಕೆಂಪಗೆ ಉಬ್ಬಿದವು, ಆಮೇಲೆ ಸಾಲಾಗಿ ಚಿಗುರು. ಪ್ರತಿ ಚಿಗುರೂ ಗೇಣುದ್ದ ಬಂದು ಮೊಗ್ಗು ಕಟ್ಟಿತು. ಡಿಸೆಂಬರ್ ಬೆಳಿಗ್ಗೆ ಬಿಸಿಲು ಬಿದ್ದು ಮಂಜು ಆರುವ ಹೊತ್ತಿಗೆ ಗೇಟಿನವರೆಗೂ ಘಮ. ಹಾಲು ತರಲು ಹೋಗುವವರು ನಿಂತು ಯಾವ ಹೂ ಅಂತ ಕೇಳಿದರು. ಮುಡಿಯಲು ಇದು ಆಗಿಬರುವುದಿಲ್ಲ, ಬೇಗ ಎಸಳು ಬಿಡುತ್ತದೆ. ಅತ್ತೆ ಎಸಳುಗಳನ್ನೇ ತಟ್ಟೆಯಲ್ಲಿ ತುಂಬಿಕೊಂಡು ಅರ್ಚನೆ ಮಾಡಿದರು.

ವರ್ಷವಿಡೀ ಹೀಗೇ ಇರುತ್ತದೆ ಅಂತ ನಾನು ಹೇಳುವುದಿಲ್ಲ. ಜೋರು ಮಳೆಯಲ್ಲಿ ಇಷ್ಟೊಂದು ಎಸಳಿನ ಮೊಗ್ಗು ನೀರು ಹಿಡಿದು ಅರಳದೆ ಕೊಳೆಯುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಥ್ರಿಪ್ಸ್ ಎಂಬ ಪುಟ್ಟ ಹುಳಗಳ ಕಾಟ. ತಿಳಿ ಬಣ್ಣದ ಹೂವೆಂದರೆ ಅವಕ್ಕೆ ಬಹಳ ಇಷ್ಟ. ಎಸಳಿನ ಅಂಚೆಲ್ಲ ಕಂದು ಬಣ್ಣಕ್ಕೆ ತಿರುಗುತ್ತದೆ. ಸಂಜೆ ಹೊತ್ತು ಬೇವಿನ ಎಣ್ಣೆ ಹೊಡೆಯುತ್ತೇನೆ, ನೀಲಿ ಅಂಟುಹಾಳೆ ತೂಗುಹಾಕುತ್ತೇನೆ. ತೀರಾ ಜಾಸ್ತಿಯಾದರೆ ಮೊಗ್ಗನ್ನೇ ಚಿವುಟಿ ಗಿಡಕ್ಕೆ ಬಿಡುವು ಕೊಡುತ್ತೇನೆ. ನಮ್ಮೂರಿನಲ್ಲಿ ಈ ಗುಲಾಬಿಯ ಒಳ್ಳೇ ಕಾಲ ನವೆಂಬರ್‌ನಿಂದ ಫೆಬ್ರವರಿ. ಅದನ್ನು ಒಪ್ಪಿಕೊಂಡು ಬೆಳೆಸಿದರೆ ಇಷ್ಟು ಚಂದದ ಗಿಡ ಮತ್ತೊಂದಿಲ್ಲ.

ಈಗ ಬುಡದಿಂದ ಹೊಸ ರೆಂಬೆಗಳು ಎದ್ದಿವೆ. ಮಾವ ಗೇಟಿನ ಕಡೆಗೂ ತಂತಿ ಎಳೆಸಿದ್ದಾರೆ. ಜೂನ್ ಮಳೆ ಹಿಡಿಯುವ ಮೊದಲು ಹಳೇ ರೆಂಬೆಯೊಂದನ್ನು ಬುಡಕ್ಕೆ ತೆಗೆದು ಇವಕ್ಕೆ ಜಾಗ ಮಾಡಬೇಕು. ಯಾವುದನ್ನು ತೆಗೆಯುವುದು ಅಂತ ದಿನಾ ಸಂಜೆ ನಾವಿಬ್ಬರೂ ಗಿಡದ ಮುಂದೆ ನಿಂತು ಮಾತಾಡುತ್ತಿದ್ದೇವೆ.