ಐದನೇ ‘ಎಂತಕ್ಕೆ’

ಬೆಂಗಳೂರಿಗೆ ಹೋದ ಎಂಟು ಚೀಲ ಕಾಳುಮೆಣಸಿನಲ್ಲಿ ಎರಡು ಚೀಲ ವಾಪಸ್ ಬಂತು. ಶಿರಸಿಯ ಪಾರ್ಸೆಲ್ ಕಟ್ಟೆಯಲ್ಲಿ ಅವೆರಡೂ, ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗರ ಹಾಗೆ ಗೋಡೆಗೆ ಒರಗಿ ಕೂತಿದ್ದವು. ಅಂಗಡಿಯವರು ಫೋನಿನಲ್ಲಿ ಬೈಯಲಿಲ್ಲ. "ತೇವಾಂಶದ ಮೀಟರ್ 14.5 ತೋರಿಸ್ತಾ ಇದೆ ಮೇಡಂ, ಒಂದರಲ್ಲಿ ಬೂಸ್ಟು ಬೇರೆ" ಅಂದರು, ಅಷ್ಟೇ. ಬೈದಿದ್ದರೆ ವಾಸಿ ಇತ್ತು.

ಅದೇ ತಿಂಗಳು ನಾನು ರಾತ್ರಿ ಊಟ ಆದ ಮೇಲೆ ಮೊಬೈಲ್ ಹಿಡಿದು ಒಂದು ಕೋರ್ಸ್ ಕೇಳುತ್ತಿದ್ದೆ. ಸಪ್ಲೈ ಚೈನ್ ಮತ್ತು ಕ್ವಾಲಿಟಿ ಮ್ಯಾನೇಜ್‌ಮೆಂಟ್, ಮೊದಲ ಪಾಠಗಳು. ನೆಟ್‌ವರ್ಕ್ ಸಿಗುವುದು ಕೊಟ್ಟಿಗೆಯ ಹಿಂದೆ ಮಾತ್ರ. ಹಾಗಾಗಿ ಟೊಯೋಟಾ ಕಂಪನಿಯ ಕಥೆಗಳನ್ನು ನಾನು ದನ ಮೆಲುಕು ಹಾಕುವ ಸದ್ದಿನ ಜೊತೆಗೇ ಕಲಿತದ್ದು. ನಾಲ್ಕು ಮನೆಯ ಮೆಣಸು ಒಟ್ಟು ಮಾಡಿ ಕಳಿಸುವವಳಿಗೆ ಇದೆಲ್ಲ ಯಾಕೆ ಅಂತ ಅಪ್ಪ ನಗುತ್ತಿದ್ದರು. ಗೇರುಸೊಪ್ಪೆಯ ಚೆನ್ನಭೈರಾದೇವಿ ಯಾವ ಕೋರ್ಸೂ ಮಾಡದೆ ಮೆಣಸು ಮಾರಿಯೇ ಪೋರ್ಚುಗೀಸರಿಂದ ‘ಕಾಳುಮೆಣಸಿನ ರಾಣಿ’ ಅನ್ನಿಸಿಕೊಂಡಳಲ್ಲ ಅನ್ನುವುದು ಅವರ ವಾದ. ರಾಣಿಗೆ ಮಾಲು ವಾಪಸ್ ಕಳಿಸುವ ಧೈರ್ಯ ಯಾರಿಗಿತ್ತು?

ಚೀಲ ಮನೆಗೆ ತಂದು ಜಗಲಿಯಲ್ಲಿ ಬಿಚ್ಚಿದೆವು. ಒಣಗಿದ ಮೆಣಸಿನ ಚೀಲಕ್ಕೆ ಕೈ ಹಾಕಿದರೆ ಬೆರಳ ಸಂದಿಯಲ್ಲಿ ಗಲಗಲ ಅಂತ ಜಾರುತ್ತದೆ, ಮೂಗಿಗೆ ಘಾಟು ಹೊಡೆಯುತ್ತದೆ. ಇದು ಜಾರಲಿಲ್ಲ. ಕೈ ಮೊಣಕೈವರೆಗೆ ಇಳಿದಾಗ ಒಳಗೆ ಬೆಚ್ಚಗಿತ್ತು. ವಾಸನೆ ಥೇಟ್ ಆಷಾಢದ ಅಟ್ಟದ್ದು. ಎರಡನೇ ಚೀಲದ ನಡುವೆ ಕಾಳುಗಳು ಗಂಟು ಕಟ್ಟಿಕೊಂಡಿದ್ದವು, ಮೇಲೆ ಬೂದಿ ಬಣ್ಣದ ನವಿರಾದ ಕೂದಲು.

ಅಪ್ಪ ಮೊದಲ ಚೀಲದಿಂದ ಒಂದು ಕಾಳು ತೆಗೆದು ದವಡೆಗೆ ಇಟ್ಟರು. ಸರಿಯಾಗಿ ಒಣಗಿದ್ದು ಹಲ್ಲಿಗೆ ಸಿಕ್ಕರೆ ‘ಟಕ್’ ಅಂತ ಒಡೆಯಬೇಕು. ಇದು ಮೆತ್ತಗೆ ಚಪ್ಪಟೆಯಾಯಿತು. ಉಗುಳಿ, "ಟಕ್ ಅಂಜಿಲ್ಲೆ" ಅಂದರು.

ಈಗ ಪ್ರಶ್ನೆ, ಇದು ಯಾರ ಮನೆಯದು? ಎಂಟು ಚೀಲಕ್ಕೂ ಒಂದೇ ಬಣ್ಣದ ದಾರ, ಒಂದೇ ನಮೂನೆ ಹೊಲಿಗೆ. ತಂದದ್ದು, ತೂಗಿದ್ದು, ಹೊಲಿದದ್ದು, ಗಾಡಿ ಹತ್ತಿಸಿದ್ದು. ಯಾವ ಚೀಲದ ಮೇಲೂ ಹೆಸರಿಲ್ಲ, ತಾರೀಖಿಲ್ಲ. ಮಾಲು ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋಗಿ ಹುಡುಕಲು ಆಗಬೇಕು, ಅದಕ್ಕೇ ಬ್ಯಾಚ್ ನಂಬರ್ ಹಾಕುವುದು ಅಂತ ಎರಡನೇ ಪಾಠದಲ್ಲೇ ಬಂದಿತ್ತು. ನಾನು ನೋಟ್‌ಬುಕ್ಕಿನಲ್ಲಿ ಅದರ ಕೆಳಗೆ ಗೆರೆಯನ್ನೂ ಎಳೆದಿದ್ದೆ.

ನನ್ನ ಮಾನ ಉಳಿಸಿದ್ದು ಮೆಣಸೇ. ಅಪ್ಪ ಒಂದು ಹಿಡಿ ಮೊರಕ್ಕೆ ಹಾಕಿ, "ಕಾಳು ದಪ್ಪ ಇದ್ದು, ಇದು ಪಣಿಯೂರು" ಅಂದರು. ನಮ್ಮದೂ ಸೇರಿ ಮೂರು ಮನೆಗಳಲ್ಲಿ ಇರುವುದು ನಮ್ಮ ಕಡೆಯ ಮಲ್ಲಿಸರ ತಳಿ. ಪಣಿಯೂರು ಬಳ್ಳಿ ಇರುವುದು ಕೆಳಗಿನ ಮನೆಯಲ್ಲಿ ಮಾತ್ರ. ನಾನು ಅಡುಗೆಮನೆಯ ತಕ್ಕಡಿ ತಂದು ಲೀಟರ್ ತೂಕವನ್ನೂ ನೋಡಿದೆ. ಒಂದು ಲೀಟರ್ ಪಾತ್ರೆ ತುಂಬಿದರೆ ಒಳ್ಳೆಯ ಮೆಣಸು 550 ಗ್ರಾಂ ತೂಗಬೇಕು. ಇದು, ಅಷ್ಟು ನೀರು ಕುಡಿದೂ, 500 ಮುಟ್ಟಲಿಲ್ಲ. ಅಂದರೆ ಒದ್ದೆ ಮಾತ್ರ ಅಲ್ಲ, ಬಲಿಯದ ಜೊಳ್ಳು ಕಾಳೂ ಸುಮಾರಿತ್ತು. ತೆನೆಯಲ್ಲಿ ಒಂದೆರಡು ಕಾಳಾದರೂ ಕೆಂಪಾಗುವ ಮೊದಲೇ ಕೊಯ್ದಿದ್ದಾರೆ.

ಸಿಟ್ಟು ಬಂತು. ನೋಟ್‌ಬುಕ್ ಹಿಡಿದುಕೊಂಡೇ ಕೆಳಗಿನ ಮನೆಗೆ ಇಳಿದೆ. ಟೊಯೋಟಾದವರು ಏನಾದರೂ ಕೆಟ್ಟರೆ ‘ಯಾಕೆ’ ಅಂತ ಐದು ಸಲ ಕೇಳುತ್ತಾರಂತೆ. ಮಗ್ಗ ಮಾಡುತ್ತಿದ್ದ ಸಾಕಿಚಿ ಟೊಯೋಡಾ ಹಾಕಿಕೊಟ್ಟ ರೂಢಿ ಅದು. ಮೊದಲ ಉತ್ತರಕ್ಕೆ ನಿಂತರೆ ಸಿಗುವುದು ಕಾರಣ ಅಲ್ಲ, ಬೈಯಲು ಒಬ್ಬ ಮನುಷ್ಯ, ಅಷ್ಟೇ. ಇದನ್ನೆಲ್ಲ ಓದಿಕೊಂಡೂ ನಾನು ಹೋಗಿದ್ದು ಬೈಯಲಿಕ್ಕೇ.

ಅತ್ತಿಗೆ ಮಜ್ಜಿಗೆ ಕೊಟ್ಟು ಕೂರಿಸಿದರು. ಬೂಸ್ಟು ಎಂತಕ್ಕೆ ಬಂತು? ಒದ್ದೆ ಇತ್ತು, ಚೀಲದಲ್ಲಿ ಬೆವರಿತು. ಎಂತಕ್ಕೆ ಒದ್ದೆ ಇತ್ತು? ಮೂರೇ ದಿನ ಒಣಗಿಸಿದ್ದು, ಅದರಲ್ಲೂ ಒಂದು ದಿನ ಮೋಡ. ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದಿದ್ದಕ್ಕೆ ಬೇಗ ಕಪ್ಪಾಗಿ ಹೊಳೆಯಿತು, ಒಣಗಿದೆ ಅಂದುಕೊಂಡರು. ಎಂತಕ್ಕೆ ಮೂರೇ ದಿನ?

"ನೀನೇ ಹೇಳಿದ್ಯಲೆ, ಗುರುವಾರ ಗಾಡಿ ಬತ್ತು ಹೇಳಿ."

ಅದು ಹೌದು. ಆದರೆ ಗುರುವಾರ ಅಂತ ಹದಿನೈದು ದಿನ ಮೊದಲೇ ಹೇಳಿದ್ದೆನಲ್ಲ, ಮತ್ತೆ ಎಂತಕ್ಕೆ ಕೊಯ್ಲು ತಡ? ಮೊದಲ ಕೊಯ್ಲು ತಡ ಆಗಿರಲಿಲ್ಲ. ಪ್ರತಿ ಸಲದ ಹಾಗೆ 25 ಕೆಜಿ ಆಗುವಷ್ಟು ಕೊಯ್ದು, ಒಣಗಿಸಿ, ಡಬ್ಬಿಗೆ ತುಂಬಿಯೂ ಆಗಿತ್ತು. ಶನಿವಾರ ಸಂಜೆ ನಾನು ಫೋನ್ ಮಾಡಿ 65 ಬೇಕು ಅಂದೆ. ಭಾನುವಾರ ಇನ್ನೊಮ್ಮೆ ಏಣಿ ಹತ್ತಿ, ಕೈಗೆ ಸಿಕ್ಕಿದ ತೆನೆಯನ್ನೆಲ್ಲ ಇಳಿಸಿದರು. ಮೂರು ಕೆಜಿ ಹಸಿ ಮೆಣಸಿಗೆ ಒಣಗಿದ್ದು ಒಂದು ಕೆಜಿ ಬರುತ್ತದೆ, ಅಷ್ಟು ಹೊರೆಯನ್ನು ಒಂದೇ ದಿನ ಇಳಿಸಬೇಕು. ಮಾರಿಕಾಂಬಾ ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ. ಜಾತ್ರೆ ಮುಂದಿಟ್ಟುಕೊಂಡು ದುಡ್ಡು ಬರುತ್ತದೆ ಅಂದರೆ ಬೇಡ ಅನ್ನುವವರು ಯಾರು?

"ಅದಿರ್ಲಿ, 65 ಎಂತಕ್ಕೆ ಬೇಕಿತ್ತು?" ಐದನೇ ‘ಎಂತಕ್ಕೆ’ ಕೇಳಿದ್ದು ಅತ್ತಿಗೆ. ನಾನು ಮಜ್ಜಿಗೆ ಲೋಟ ನೋಡುತ್ತಾ ಕೂತೆ.

ಅಂಗಡಿಯವರು ಮಾಮೂಲಿ 100 ಕೆಜಿ ಕೇಳುತ್ತಾರೆ. ಹಿಂದಿನ ತಿಂಗಳು ನಾಲ್ಕು ದಿನ ಮೆಣಸು ಖಾಲಿಯಾಗಿತ್ತು ಅಂತ ಈ ಸಲ ಹೆದರಿ 200 ಅಂದರು. ಯಾರಾದರೂ ಕೈಕೊಟ್ಟರೆ ಅಂತ ನಾನು ಹೆದರಿ 260 ಮಾಡಿ ನಾಲ್ಕು ಮನೆಗೆ ಹಂಚಿದೆ. ತೂಕ ಕಡಿಮೆ ಬಂದರೆ ಅಂತ ಹೆದರಿ ಅವರು ಇನ್ನಷ್ಟು ಕೊಯ್ದರು. ಬೆಂಗಳೂರಿನ ಜನ ಸಾರಿಗೆ ಹಾಕುವ ಮೆಣಸು ಮಾತ್ರ ಮೊದಲು ಎಷ್ಟಿತ್ತೋ ಅಷ್ಟೇ. ಇದಕ್ಕೆ ಪುಸ್ತಕದಲ್ಲಿ ಬುಲ್‌ವಿಪ್ ಅಂತಾರೆ. ಚಾಟಿ ಹಿಡಿದ ಕೈ ಸ್ವಲ್ಪ ಅಲ್ಲಾಡಿದರೆ ಸಾಕು, ತುದಿ ಜೋರಾಗಿ ಬೀಸುತ್ತದೆ. ಪಾಠದಲ್ಲಿ ಕೊಟ್ಟಿದ್ದು ಪಿ ಆಂಡ್ ಜಿ ಕಂಪನಿಯ ಡೈಪರ್ ಉದಾಹರಣೆ. ಮಕ್ಕಳು ಉಚ್ಚೆ ಹೊಯ್ಯುವುದು ದಿನಾ ಒಂದೇ ಲೆಕ್ಕದಲ್ಲಿ, ಆದರೂ ಕಂಪನಿಗೆ ಬರುವ ಆರ್ಡರ್ ಮಾತ್ರ ಒಂದು ತಿಂಗಳು ಗುಡ್ಡ, ಇನ್ನೊಂದು ತಿಂಗಳು ಹೊಂಡ. ಆ ಪಾಠ ಕೇಳಿ ನಾನು ಕೊಟ್ಟಿಗೆ ಹಿಂದೆ ನಿಂತು ನಕ್ಕಿದ್ದೆ. ಆ ಶನಿವಾರದ ಫೋನ್ ಮಾಡಿದ್ದು ಅದರ ಮರುದಿನವೋ ಏನೋ.

ಬರೀ ಒದ್ದೆಯಾಗಿದ್ದ ಚೀಲವನ್ನು ಮತ್ತೆ ತಾರಸಿಗೆ ಹರವಿದೆವು. ಬೂಸ್ಟು ಬಂದದ್ದರ ಬಗ್ಗೆ ಮನೆಯಲ್ಲಿ ಒಂದು ಸಣ್ಣ ಯುದ್ಧವೇ ಆಯಿತು. "ಕೂಸೇ, ತೊಳೆದು ಎರಡು ದಿನ ಬಿಸಿಲಿಗೆ ಹಾಕಿರೆ ಯಾರಿಗೂ ಗೊತ್ತಾಗ್ತಿಲ್ಲೆ" ಅಂದರು ಅಪ್ಪ. ತೊಳೆದರೆ ಕೂದಲು ಹೋಗುತ್ತದೆ, ಅದು ಬಿಟ್ಟುಹೋದ ವಿಷ ಹೋಗುವುದಿಲ್ಲ. ಕೊನೆಗೆ 25 ಕೆಜಿ ಮೆಣಸು ಗೊಬ್ಬರದ ಗುಂಡಿಗೆ ಬಿತ್ತು. ಮೆಣಸಿನ ದರ ಗೊತ್ತಿದ್ದವರಿಗೆ ಆ ಸಂಕಟವನ್ನು ಬೇರೆ ಹೇಳಬೇಕಿಲ್ಲ. ಆ ಚೀಲದ ದುಡ್ಡನ್ನು ಅತ್ತಿಗೆಗೆ ನಾನೇ ಕೊಟ್ಟೆ. ಅವರು ಅರ್ಧ ಮಾತ್ರ ಇಟ್ಟುಕೊಂಡರು.

ಈಗ ಅಂಗಡಿಯವರು ನನಗೆ ಆರ್ಡರ್ ಹೇಳುವುದಿಲ್ಲ. ಆ ವಾರ ಎಷ್ಟು ಮೆಣಸು ಖರ್ಚಾಯಿತು ಅಂತ ಸೋಮವಾರ ಒಂದು ಮೆಸೇಜ್ ಹಾಕುತ್ತಾರೆ, ಲೆಕ್ಕ ನಾನು ಮಾಡಿಕೊಳ್ಳುತ್ತೇನೆ. ಪ್ರತಿ ಚೀಲದ ಬಾಯಿಗೆ ಒಂದು ಚೀಟಿ ಇದೆ. ಮನೆ, ಕೊಯ್ದ ದಿನ, ಎಷ್ಟು ಬಿಸಿಲು, ಎಷ್ಟು ಮೋಡ. ತೇವಾಂಶದ ಮೀಟರ್ ತಂದದ್ದು ಅಪ್ಪನಿಗೆ ಅಷ್ಟು ಹಿಡಿಸಲಿಲ್ಲ, ಅದಕ್ಕೆ ಚೀಟಿಯಲ್ಲಿ ಅವರಿಗೂ ಒಂದು ಕಾಲಂ ಬಿಟ್ಟಿದ್ದೇನೆ. ಮೀಟರ್ 11 ಅಂದ ಕಡೆ ಅಪ್ಪ ಒಂದು ಕಾಳು ಕಚ್ಚಿ ನೋಡಿ ‘ಟಕ್’ ಅಂತ ಬರೆಯುತ್ತಾರೆ. ಮೊನ್ನೆ ಏಳನೇ ಚೀಲಕ್ಕೆ ಮೀಟರ್ 11.8 ತೋರಿಸಿತು. ಹನ್ನೆರಡರ ಒಳಗೇ ಇದೆಯಲ್ಲ ಅಂತ ನಾನು ಸೂಜಿ ದಾರ ತೆಗೆದುಕೊಂಡೆ. ಅಪ್ಪ ಕಚ್ಚಿದರು, ಸ್ವಲ್ಪ ಹೊತ್ತು ಸುಮ್ಮನೆ ನಿಂತರು, ಪೆನ್ನು ತೆಗೆದು ‘ಅರ್ಧ ಟಕ್’ ಅಂತ ಬರೆದು ಚೀಲವನ್ನು ವಾಪಸ್ ತಾರಸಿಗೆ ಹೊರಿಸಿದರು.