ಬರ್ಮಿಂಗ್‌ಹ್ಯಾಮಿನ ಚೌತಿ ಹಾಡು

ರೆಗೆ ಅನ್ನೋ ಜಮೈಕಾ ಸಂಗೀತದ ಹೆಸರು ಕಿವಿಗೆ ಬೀಳುವ ಎಷ್ಟೋ ವರ್ಷ ಮೊದಲೇ ನಮ್ಮ ಮನೆಯಲ್ಲಿ ರೆಗೆ ಕೇಳುತ್ತಿತ್ತು. ಉಡುಪಿ ಕಡೆಯ ಎಷ್ಟೋ ಮನೆಗಳಂತೆ ನಮ್ಮಲ್ಲೂ ಒಬ್ಬರು ಗಲ್ಫಿನಲ್ಲಿದ್ದರು. ಚಿಕ್ಕಪ್ಪ, ಕುವೈತಿನಲ್ಲಿ. 1989ರಲ್ಲಿ ರಜೆಗೆ ಬಂದವರು ಒಂದು ಟೂ-ಇನ್-ಒನ್ ಮತ್ತು ಒಂದಷ್ಟು ಕ್ಯಾಸೆಟ್ ತಂದಿದ್ದರು. ಮರುವರ್ಷ ಆಗಸ್ಟಿನಲ್ಲಿ ಇರಾಕ್ ಸೈನ್ಯ ಕುವೈತಿಗೆ ನುಗ್ಗಿತು. ಚಿಕ್ಕಪ್ಪ ಹೇಗೋ ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಬೊಂಬಾಯಿಗೆ ಬಂದು, ಬಸ್ಸು ಹತ್ತಿ ಊರಿಗೆ ಬಂದಾಗ ಕೈಯಲ್ಲಿ ಒಂದು ಚೀಲ ಬಿಟ್ಟರೆ ಬೇರೇನೂ ಇರಲಿಲ್ಲ. ಅಲ್ಲಿ ಕೂಡಿಸಿಟ್ಟಿದ್ದ ಕ್ಯಾಸೆಟ್ಟುಗಳೆಲ್ಲ ಅಲ್ಲೇ ಉಳಿದವು. ನಮ್ಮ ಪಾಲಿಗೆ ಸಿಕ್ಕಿದ್ದು ಆ ಒಂದು ರಜೆಯವು ಮಾತ್ರ. ಅವನ್ನೇ ಹಾಕಿ ಹಾಕಿ ಸವೆಸಿದೆವು.

ಅದರಲ್ಲಿ ಒಂದು ಟಿಡಿಕೆ ಕ್ಯಾಸೆಟ್ಟು. ಮೇಲೆ ಬಾಲ್ ಪೆನ್ನಿನಲ್ಲಿ 'ಇಂಗ್ಲಿಷ್ ಮಿಕ್ಸ್' ಅಂತ ಬರೆದಿತ್ತು, ಅಷ್ಟೇ. ಹಾಡಿನ ಹೆಸರಿಲ್ಲ, ಹಾಡಿದವರ ಹೆಸರಿಲ್ಲ. ಆಗ ಅಲ್ಲಿನ ಅಂಗಡಿಗಳಲ್ಲಿ ಖಾಲಿ ಕ್ಯಾಸೆಟ್ ಕೊಟ್ಟು ಬೇಕಾದ್ದನ್ನ ತುಂಬಿಸಿಕೊಳ್ಳಬಹುದಿತ್ತಂತೆ. ಅಂಗಡಿಯವನು ತನಗೆ ಇಷ್ಟವಾದದ್ದನ್ನೂ ನಡುವೆ ಸೇರಿಸಿರಬೇಕು. ಯಾಕಂದ್ರೆ ಚಿಕ್ಕಪ್ಪ ಕೇಳಿದ್ದು ಬೋನಿ ಎಂ ಅನ್ನೋ ಡಿಸ್ಕೋ ತಂಡದ ಹಾಡು, ಅದರ ಜೊತೆ ಬಂದದ್ದು ಪೂರ್ತಿ ಬೇರೆಯೇ ಒಂದು ಲೋಕ.

ಕಳೆದ ಆಟಿ ತಿಂಗಳಲ್ಲಿ ಊರಿಗೆ ಹೋದಾಗ ಅದು ಗೋದ್ರೇಜ್ ಕಪಾಟಿನ ತಳದಲ್ಲಿ ಸಿಕ್ಕಿತು. ಹೊರಗೆ ಎಡೆಬಿಡದ ಮಳೆ. ಕ್ಯಾಸೆಟ್ ಬೆಳಕಿಗೆ ಹಿಡಿದು ನೋಡಿದರೆ ಕಂದು ರೀಲಿನ ಅಂಚಿನ ಉದ್ದಕ್ಕೂ ಬಿಳಿ ಬೂಷ್ಟು, ಜೇಡ ನೇಯ್ದಷ್ಟು ತೆಳ್ಳಗೆ. ಪೆನ್ಸಿಲ್ ಹಾಕಿ ಮೆಲ್ಲಗೆ ತಿರುಗಿಸಿದೆ. ಒಂದು ಸುತ್ತು ಬಂತು, ಎರಡನೆಯದಕ್ಕೆ ಅಂಟಿಕೊಂಡಿತು, ಇನ್ನೂ ಸ್ವಲ್ಪ ಒತ್ತಿದ್ದಕ್ಕೆ ಟಿಕ್ ಅಂತ ತುಂಡಾಯಿತು. ರೀಲನ್ನ ಒತ್ತಿ ಹಿಡಿಯುವ ಸ್ಪಾಂಜು ಎಂದೋ ಉದುರಿ ಹೋಗಿತ್ತು. ಕರಾವಳಿಯ ಮಳೆಗಾಲವನ್ನ ಮೂವತ್ತು ಸಲಕ್ಕಿಂತ ಜಾಸ್ತಿ ಕಂಡ ಕ್ಯಾಸೆಟ್ಟು, ಇನ್ನೇನಾಗುತ್ತೆ ಹೇಳಿ. ಸರಿ, ಇನ್ನು ತಲೆಯಲ್ಲಿ ಉಳಿದದ್ದನ್ನ ಇಟ್ಟುಕೊಂಡೇ ಹುಡುಕಬೇಕು ಅಂತ ಫೋನ್ ಹಿಡಿದು ಜಗಲಿಯಲ್ಲಿ ಕೂತೆ.

ಮೊದಲ ಎರಡು ಸುಲಭ. 'ರಿವರ್ಸ್ ಆಫ್ ಬ್ಯಾಬಿಲಾನ್' ಗೊತ್ತಿಲ್ಲದವರು ಯಾರು? ಬೋನಿ ಎಂ ಅದನ್ನ 1978ರಲ್ಲಿ ಹಾಡಿದ್ದು. ಆದರೆ ಅದು ಮೊದಲು ಜಮೈಕಾದ ಮೆಲೋಡಿಯನ್ಸ್ ಎಂಬ ತಂಡದ್ದು, 1970ರದ್ದು ಅಂತ ಗೊತ್ತಾಗಿದ್ದು ಈಗಲೇ. ಪಕ್ಕದ ಮನೆಯ ಕ್ರಿಶ್ಚಿಯನ್ ಹೆಂಗಸು ಆ ಹಾಡು ಬಂದಾಗಲೆಲ್ಲ 'ಇದು ನಮ್ಮ ಬೈಬಲಿಂದು' ಅನ್ನುತ್ತಿದ್ದರು. ನಾವು ನಗುತ್ತಿದ್ದೆವು. ಸತ್ಯವೇ. 137ನೇ ಕೀರ್ತನೆ. ಸೆರೆಯಾಗಿ ಹೋದವರು ಬಾಬಿಲೋನಿನ ನದಿ ದಂಡೆಯಲ್ಲಿ ಕೂತು ಊರು ನೆನೆದು ಅಳುವುದು. ಜಮೈಕಾದ ರಾಸ್ತಫಾರಿ ಪಂಥದವರಿಗೆ ಬಾಬಿಲೋನ್ ಅಂದರೆ ತಮ್ಮನ್ನ ತುಳಿಯುವ ಇಡೀ ವ್ಯವಸ್ಥೆ. ಮೆಲೋಡಿಯನ್ಸ್ ಹಾಡಿನಲ್ಲಿ ಅವರ ದೇವರು, ಇಥಿಯೋಪಿಯಾದ ದೊರೆ ಹೈಲೆ ಸೆಲಾಸಿ ಇದ್ದಾನೆ. ಬೋನಿ ಎಂ ಹಾಡಿನಲ್ಲಿ ಅವನಿಲ್ಲ. ಡಿಸ್ಕೋಗೆ ಬರುವಾಗ ದೊರೆಯನ್ನ ಬಾಗಿಲಲ್ಲೇ ಬಿಟ್ಟು ಬಂದಿದ್ದಾರೆ.

ಎರಡನೆಯದು 'ಗಿಮ್ಮಿ ಹೋಪ್ ಜೊಆನ್ನಾ', ಎಡ್ಡಿ ಗ್ರಾಂಟ್ ಹಾಡಿದ್ದು, 1988. ಅವರು ಗಯಾನಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಬೆಳೆದವರು. ಇದು ಪೂರಾ ರೆಗೆ ಅಲ್ಲ ಅಂತ ತಿಳಿದವರು ಜಗಳಕ್ಕೆ ಬರಬಹುದು, ಬರಲಿ. ನಮ್ಮ ಕಡೆ ಕ್ರಿಶ್ಚಿಯನ್ನರಲ್ಲಿ ಜೊಆನ್ನಾ ಅಪರೂಪದ ಹೆಸರೇನಲ್ಲ. ನಮ್ಮ ಶಾಲೆಯಲ್ಲೂ ಒಬ್ಬಳಿದ್ದಳು, ಹುಡುಗರು ಅವಳನ್ನ ಕಂಡಾಗಲೆಲ್ಲ ಇದನ್ನೇ ಹಾಡಿ ಗೋಳು ಹೊಯ್ದುಕೊಳ್ಳುತ್ತಿದ್ದರು. ಹಾಡಿನ ಜೊಆನ್ನಾ ಹುಡುಗಿಯೇ ಅಲ್ಲ, ಜೊಹಾನ್ಸ್‌ಬರ್ಗ್. ವರ್ಣಭೇದ ನಡೆಸುತ್ತಿದ್ದ ಸರ್ಕಾರಕ್ಕೆ ಕೊಟ್ಟ ಏಟು ಅದು. ದಕ್ಷಿಣ ಆಫ್ರಿಕಾದಲ್ಲಿ ಅದನ್ನ ನಿಷೇಧಿಸಿದ್ದರು. ಅಷ್ಟು ಸಿಟ್ಟಿನ ಮಾತನ್ನ ಅಷ್ಟು ಕುಣಿಯುವ ಹಾಡಿನಲ್ಲಿ ಹೇಳಬಹುದು ಅನ್ನೋದು ನನಗೆ ಈಗಲೂ ಸೋಜಿಗ.

ಕಷ್ಟವಾಗಿದ್ದು ಮೂರನೆಯದು. ನೆನಪಿದ್ದದ್ದು ಇಷ್ಟೇ: ಹಾಡುವವರು ಮಕ್ಕಳು, ಮತ್ತು ಅದರಲ್ಲಿ 'ಚೌತಿ' ಅಂತ ಬರುತ್ತೆ. ನಗಬೇಡಿ. ನಾವೆಲ್ಲ ಅದನ್ನ ಚೌತಿಯ ಹಾಡು ಅಂತಲೇ ಕರೆಯುತ್ತಿದ್ದೆವು. ಗಣಪತಿ ತರುವಾಗ 'ಪಾಸ ಚೌತಿ, ಪಾಸ ಚೌತಿ' ಅಂತ ಕೂಗಿಕೊಂಡು ಹೋಗಿ ಅಜ್ಜನ ಹತ್ತಿರ ಬೈಸಿಕೊಂಡದ್ದೂ ಇದೆ. ಈಗ 'ಚೌತಿ ರೆಗೆ' ಅಂತ ಟೈಪ್ ಮಾಡಿದರೆ ಏನು ಬರುತ್ತೆ? ಗಣಪತಿ ಭಜನೆ, ಕಡುಬು ಮಾಡುವ ವಿಧಾನ, ಒಂದು ಕಡೆ ಡಿಜೆ ಮೆರವಣಿಗೆ.

ಹಾಡು ಕೇಳಿಸಿಕೊಂಡು ಹೆಸರು ಹೇಳುವ ಶಜಾಮ್‌ನಂಥ ಆ್ಯಪ್ ಇಲ್ಲಿ ಉಪಯೋಗಕ್ಕಿಲ್ಲ, ಅದಕ್ಕೆ ಅಸಲಿ ರೆಕಾರ್ಡಿಂಗೇ ಕೇಳಿಸಬೇಕು. ಗೂಗಲ್‌ನಲ್ಲಿ 2020ರಿಂದ ಗುನುಗಿ ಹುಡುಕುವ ಸೌಲಭ್ಯ ಇದೆ, ಶ್ರುತಿ ಆಚೀಚೆ ಆದರೂ ನಡೆಯುತ್ತೆ. ಗುನುಗಿದೆ. ಅಮ್ಮನೂ ಒಳಗಿಂದ ಬಂದು ಗುನುಗಿದರು. ಅಮ್ಮನಿಗೆ ಪದ ಒಂದೂ ಗೊತ್ತಿಲ್ಲ, ಆದರೆ ನಡುವೆ ಗಿಟಾರಿನ 'ಚಕ್, ಚಕ್' ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತಿತ್ತು. ರೆಗೆಯಲ್ಲಿ ಅದು ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿಗೆ ಬರುತ್ತೆ, ನಾವು ಒತ್ತು ಕೊಡುವ ಮೊದಲ ಪೆಟ್ಟಿನಲ್ಲಿ ಎಷ್ಟೋ ಸಲ ಡ್ರಮ್ಮೇ ಸುಮ್ಮನಿರುತ್ತೆ. ಅಮ್ಮನಿಗೆ ಇದನ್ನ ಯಾರೂ ಹೇಳಿಕೊಟ್ಟಿರಲಿಲ್ಲ.

ಗೂಗಲ್ ತೋರಿಸಿದ ಹಾಡುಗಳನ್ನ ಕೇಳಿದರೆ ತಳದ ಬೇಸು ಗಿಟಾರು ಅದೇ, ಮೇಲಿನ ಹಾಡು ಬೇರೆ. ಇದೇನು ಮರ್ಲು ಅನ್ನಿಸಿತು. ಓದಿದ ಮೇಲೆ ಗೊತ್ತಾಯಿತು, ಜಮೈಕಾದಲ್ಲಿ ಅದೇ ಪದ್ಧತಿ. ಬೇಸು ಮತ್ತು ಡ್ರಮ್ಮು ಸೇರಿದ ಆ ತಳಕ್ಕೆ 'ರಿಡಿಮ್' ಅನ್ನುತ್ತಾರೆ. ಒಂದು ರಿಡಿಮ್ ಹಿಟ್ಟಾದರೆ ಅದರ ಮೇಲೆ ಎಷ್ಟೋ ಜನ ತಮ್ಮ ತಮ್ಮ ಹಾಡು ಹಾಡುತ್ತಾರೆ, ಯಾರೂ ಅದನ್ನ ಕಳವು ಅನ್ನೋಲ್ಲ. ಯಕ್ಷಗಾನ ನೋಡಿದವರಿಗೆ ಹೇಳುವುದಾದರೆ ಹಿಮ್ಮೇಳ ಒಂದೇ, ಮುಮ್ಮೇಳ ದಿನಕ್ಕೊಂದು. ಈ ಹಾಡಿನ ರಿಡಿಮ್ಮಿಗೆ 'ಫುಲ್ ಅಪ್' ಅಂತ ಹೆಸರು. 1960ರ ದಶಕದ ಕೊನೆಯಲ್ಲಿ ಕಿಂಗ್‌ಸ್ಟನ್ನಿನ ಸ್ಟುಡಿಯೋ ಒನ್‌ನಲ್ಲಿ ಹುಟ್ಟಿದ್ದು.

ಆ ಹೆಸರು ಹಿಡಿದು ಹೋದದ್ದಕ್ಕೆ ಜಮೈಕಾದ ಮೈಟಿ ಡೈಮಂಡ್ಸ್ ತಂಡದ 'ಪಾಸ್ ದ ಕೌಚಿ' ಸಿಕ್ಕಿತು, ಅಲ್ಲಿಂದ ಒಂದು ಹೆಜ್ಜೆ ಆಚೆ ಸಿಕ್ಕಿದ್ದು ನಮ್ಮ ಚೌತಿ. ಮ್ಯೂಸಿಕಲ್ ಯೂತ್, 'ಪಾಸ್ ದ ಡಚ್ಚಿ', 1982. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಶಾಲಾ ಹುಡುಗರು. ಡೈಮಂಡ್ಸ್ ಹಾಡಿನಲ್ಲಿ ಕೈಯಿಂದ ಕೈಗೆ ದಾಟುವುದು ಗಾಂಜಾ ಸೇದುವ ಕೌಚಿ. ಮಕ್ಕಳ ಬಾಯಲ್ಲಿ ಅದು ಹೇಗೆ, ಅಲ್ವಾ? ಅದಕ್ಕೆ ಅಡುಗೆಯ ಪಾತ್ರೆ ಡಚ್ಚಿ ಮಾಡಿದರು. ಗಾಂಜಾ ಇಲ್ಲದಿದ್ದರೆ ಹೇಗಾಗುತ್ತೆ ಅಂತ ಇದ್ದ ಸಾಲು ಊಟ ಇಲ್ಲದಿದ್ದರೆ ಹೇಗಾಗುತ್ತೆ ಅಂತಾಯಿತು. ಬ್ರಿಟನ್ನಿನಲ್ಲಿ ಅದು ಮೊದಲ ಸ್ಥಾನಕ್ಕೆ ಹೋಯಿತು. ವಿಡಿಯೋದಲ್ಲಿ ಹುಡುಗರು ಥೇಮ್ಸ್ ನದಿಯ ದಂಡೆಯಲ್ಲಿ ನುಡಿಸುತ್ತಿದ್ದಾರೆ, ಆಚೆ ದಡದಲ್ಲಿ ಪಾರ್ಲಿಮೆಂಟು. ಅಮ್ಮ ಅದನ್ನ ನೋಡಿ 'ಅಯ್ಯೋ, ನಿಜವಾಗಿ ಮಕ್ಕಳೇ' ಅಂದರು. ಬೇಸ್ ನುಡಿಸುತ್ತಿದ್ದ ಹುಡುಗ ಪ್ಯಾಟ್ರಿಕ್ ವೇಟ್ 1993ರಲ್ಲಿ, ಇನ್ನೂ 24 ವಯಸ್ಸಿನಲ್ಲಿ ತೀರಿಕೊಂಡ ಅಂತ ಆಮೇಲೆ ಓದಿದೆ, ಅಮ್ಮನಿಗೆ ಹೇಳಲಿಲ್ಲ.

ಒಂದು ಕಿರಿಕಿರಿ ಮಾತ್ರ ಉಳಿಯಿತು. ಹಾಡು ನಿಧಾನ ಅನ್ನಿಸುತ್ತಿತ್ತು. ಅಂಗಡಿಯವನ ಡೆಕ್ಕೋ, ನಮ್ಮ ಟೂ-ಇನ್-ಒನ್ನೋ, ಯಾವುದೋ ಒಂದು ವೇಗ ತಪ್ಪಿತ್ತು. ನಾವು ಕೇಳಿ ಬೆಳೆದದ್ದು ಓಡುವ ಹಾಡು. ಯೂಟ್ಯೂಬಿನಲ್ಲಿ ವೇಗ ಏರಿಸಿದರೆ ಅದು ಶ್ರುತಿಯನ್ನ ಹಾಗೇ ಇಡುತ್ತೆ, ಹಾಗಾಗಿ ಸರಿ ಹೋಗಲಿಲ್ಲ. ಬೆಂಗಳೂರಿಗೆ ಬಂದು ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ ಅನ್ನೋ ಧ್ವನಿ ತಿದ್ದುವ ಸಾಫ್ಟ್‌ವೇರ್ ಹಾಕಿ ವೇಗ, ಶ್ರುತಿ ಎರಡನ್ನೂ ಒಟ್ಟಿಗೆ ಚೂರು ಚೂರೇ ಏರಿಸಿದೆ. ಒಂದು ಕಡೆ ಬಂದಾಗ ಗೊತ್ತಾಯಿತು, ಇದೇ. ಅಸಲಿ ಯಾವುದೋ ಇರಲಿ, ನನಗೆ ಬೇಕಿದ್ದದ್ದು ಇದು.

ಇದರ ನಡುವೆ ಎಲ್ಲಿ ನೋಡಿದರೂ ರೆಗೆಯ ಪ್ರಸಿದ್ಧ ಹಾಡುಗಾರ ಬಾಬ್ ಮಾರ್ಲಿ ಹೆಸರು. ಹಾಸ್ಟೆಲಿನ ಕಾಲದಿಂದ ಇದೇ ಕಥೆ. ಡೌನ್‌ಲೋಡ್ ಮಾಡಿದ ಸಿಡಿಗಳಲ್ಲಿ 'ಚಕ್ ಚಕ್' ಅಂದದ್ದೆಲ್ಲ ಮಾರ್ಲಿ ಲೆಕ್ಕಕ್ಕೆ. 'ಡೋಂಟ್ ವರಿ ಬಿ ಹ್ಯಾಪಿ'ಯನ್ನ ಈಗಲೂ ಅವರದ್ದೇ ಅಂತ ಹಾಕುತ್ತಾರೆ. ಮಾರ್ಲಿ ತೀರಿಕೊಂಡಿದ್ದು 1981ರಲ್ಲಿ, ಆ ಹಾಡು ಬಂದಿದ್ದು 1988ರಲ್ಲಿ. ಅದು ಬಾಬಿ ಮೆಕ್‌ಫೆರಿನ್ ಹಾಡಿದ್ದು, ಅದರಲ್ಲಿ ಒಂದು ವಾದ್ಯವೂ ಇಲ್ಲ.

ಚಿಕ್ಕಪ್ಪನಿಗೆ ಎಲ್ಲ ಲಿಂಕ್ ಕಳಿಸಿದೆ. 'ಜೊಆನ್ನಾ ಆದ ಮೇಲೆ ಇನ್ನೊಂದಿತ್ತಲ್ಲ' ಅಂತ ಉತ್ತರ ಬಂತು. ಇತ್ತು. ಬಿ ಸೈಡು. ಹಾಡುವವರೇ ಇಲ್ಲ, ಬರೀ ಬೇಸು ಮತ್ತು ಡ್ರಮ್ಮು, ಎಲ್ಲೋ ದೂರದಿಂದ ಒಂದು ಆರ್ಗನ್ ಬಂದು ಪ್ರತಿಧ್ವನಿಯಾಗಿ ಕರಗಿ ಹೋಗುತ್ತೆ, ನಡುವೆ ಒಮ್ಮೆ ಯಾರೋ ಕೆಮ್ಮಿದ ಹಾಗೆ ಸದ್ದು. ಡಬ್ ಇರಬೇಕು, ಅಂದರೆ ಹಾಡಿನಿಂದ ದನಿ ತೆಗೆದು ಎಕೋ ತುಂಬಿದ್ದು. ಗುನುಗೋಣ ಅಂದರೆ ಅದರಲ್ಲಿ ರಾಗವೇ ಇಲ್ಲ. ನಿಮ್ಮ ಮನೆಯಲ್ಲೂ ಆ ಕಾಲದ ಕುವೈತ್ ಮಿಕ್ಸ್ ಕ್ಯಾಸೆಟ್ ಇದ್ದರೆ, ಅದು ಇನ್ನೂ ತಿರುಗುತ್ತಿದ್ದರೆ, ಬಿ ಸೈಡನ್ನ ಸ್ವಲ್ಪ ಹಾಕಿ ನೋಡಿ. ಕೆಮ್ಮು ಕೇಳಿದರೆ ನನಗೆ ಹೇಳಿ.